ತೊಂಬತ್ತರ ಗೆರೆ, ಎಡಗಾಲಿನ ಹಿಮ್ಮಡಿ

2025ರ ಜುಲೈ 5, ಶನಿವಾರ ಸಂಜೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕೂರಲು ಜಾಗ ಹುಡುಕುವ ಪರಿಸ್ಥಿತಿ. ಅಥ್ಲೆಟಿಕ್ಸ್ ನೋಡಲು ಅಲ್ಲಿ ಹೀಗೆ ಜನ ಸೇರಿದ್ದನ್ನು ನಾನಂತೂ ಕಂಡಿರಲಿಲ್ಲ. ಬೇರೆ ದಿನಗಳಲ್ಲಾದರೆ ಓಡುವವರ ಅಪ್ಪ ಅಮ್ಮಂದಿರು, ಸ್ಟಾಪ್‌ವಾಚ್ ಹಿಡಿದ ಕೋಚುಗಳು, ಮಾಡಲು ಬೇರೆ ಕೆಲಸವಿಲ್ಲದ ನನ್ನಂಥ ನಾಲ್ಕು ಜನ, ಅಷ್ಟೇ. ಅವತ್ತು ಮಾತ್ರ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು. ನೀರಜ್ ಚೋಪ್ರಾ ತಮ್ಮದೇ ಹೆಸರಿನ ಕೂಟದಲ್ಲಿ ಜಾವೆಲಿನ್ ಎಸೆಯುವವರಿದ್ದರು. ಮೊದಲ ಎಸೆತ ಫೌಲ್. ಮೂರನೆಯದು 86.18 ಮೀಟರ್. ಕೊನೆಗೆ ಅದೇ ಚಿನ್ನದ ಎಸೆತವಾಯಿತು; ಕೆನ್ಯಾದ ಜೂಲಿಯಸ್ ಯೆಗೊ, ಶ್ರೀಲಂಕಾದ ರುಮೇಶ್ ಪತಿರಗೆ ಹಿಂದೆ ಉಳಿದರು. ಆದರೆ ಬೋರ್ಡಿನ ಮೇಲೆ ಆ ಅಂಕಿ ಮೂಡಿ, ಚಪ್ಪಾಳೆ ಇನ್ನೂ ಮುಗಿದಿರಲಿಲ್ಲ, ನನ್ನ ಹಿಂದಿನ ಸಾಲಿನಿಂದ ಒಂದು ದನಿ ಕೇಳಿತು: “ಛೇ, ತೊಂಬತ್ತು ಬರ್ಲಿಲ್ವಲ್ರೀ.”

ತಿರುಗಿ ನೋಡಿದೆ. ಐವತ್ತು ದಾಟಿದವರು, ಕೈಯಲ್ಲಿ ಕಡ್ಲೆಕಾಯಿ ಪೊಟ್ಟಣ. ನಗು ಬಂತು. ಆದರೆ ಪ್ರಾಮಾಣಿಕವಾಗಿ ಹೇಳುವುದಾದರೆ ನನ್ನ ಮನಸ್ಸಿನಲ್ಲೂ ಓಡುತ್ತಿದ್ದದ್ದು ಅದೇ ಮಾತು. ಏಳು ವಾರದ ಹಿಂದೆ, ಮೇ 16ರಂದು, ದೋಹಾದಲ್ಲಿ ನೀರಜ್ 90.23 ಮೀಟರ್ ಎಸೆದಿದ್ದರು. ಅಲ್ಲಿಯವರೆಗೆ ತೊಂಬತ್ತು ಒಂದು ಕನಸು. ಅಂದಿನಿಂದ ಅದು ಸಾಲವಾಯಿತು. ಹೋದ ಊರಲ್ಲೆಲ್ಲ ತೀರಿಸಬೇಕು.

ಜಗತ್ತಿನ ಮೊದಲ ಐದು ಹತ್ತು ಜನರೊಳಗೆ ಆಗಲೇ ಬಂದು ನಿಂತಿರುವ ಕ್ರೀಡಾಪಟುವಿಗೆ ದೊಡ್ಡ ಗುರಿಯೊಂದು ಏನು ಮಾಡುತ್ತದೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತದೆ ನಮ್ಮ ಗಾದೆ. ಆಕಾಶಕ್ಕೆ ಏಣಿ ಹಾಕುವವರನ್ನು ನಾವು ಗೇಲಿ ಮಾಡುತ್ತಲೇ ಬಂದವರು. ಈಗಿನ ಪ್ರೇರಣಾ ಭಾಷಣಕಾರರು ಇದಕ್ಕೆ ತದ್ವಿರುದ್ಧ: ಏಣಿ ಹಾಕಿ, ಇನ್ನೂ ಉದ್ದದ್ದು ಹಾಕಿ. ಈ ಇಬ್ಬರಲ್ಲಿ ಯಾರೂ ಜಾವೆಲಿನ್ ಎಸೆಯಲು ಓಡಿಬರುವ ರನ್‌ವೇ ಹತ್ತಿರ ಹೋಗಿ ನಿಂತು ನೋಡಿದಂತೆ ನನಗೆ ಕಾಣುವುದಿಲ್ಲ.

ಮೊದಲಿಗೆ, ತೊಂಬತ್ತೇ ಯಾಕೆ? ಜಾವೆಲಿನ್ ಮಟ್ಟಿಗೆ ಅದೇನೂ ನಿಸರ್ಗ ಹಾಕಿದ ಗಡಿಯಲ್ಲ. 1984ರಲ್ಲಿ ಪೂರ್ವ ಜರ್ಮನಿಯ ಊವೆ ಹೋನ್ ಬರ್ಲಿನ್‌ನಲ್ಲಿ 104.80 ಮೀಟರ್ ಎಸೆದರು. ಹೀಗೇ ಬಿಟ್ಟರೆ ಜಾವೆಲಿನ್ ಮೈದಾನ ದಾಟಿ ಓಟದ ಟ್ರ್ಯಾಕಿನ ಮೇಲೇ ಬೀಳುತ್ತದೆ ಎಂಬ ಭಯವಿತ್ತು. ಎಸೆದದ್ದು ಚಪ್ಪಟೆಯಾಗಿ ಬಿದ್ದು, ತುದಿ ನೆಲಕ್ಕೆ ತಾಕಿತೋ ಇಲ್ಲವೋ ಎಂಬ ಜಗಳವೂ ಇತ್ತು. 1986ರಲ್ಲಿ ಗಂಡಸರ ಜಾವೆಲಿನ್ನಿನ ಗುರುತ್ವ ಕೇಂದ್ರವನ್ನು 4 ಸೆಂಟಿಮೀಟರ್ ಮುಂದಕ್ಕೆ ಸರಿಸಿದರು. ಮೂತಿ ಬೇಗ ಕೆಳಗಾಗತೊಡಗಿತು, ದೂರ ಕುಗ್ಗಿತು, ದಾಖಲೆಪುಸ್ತಕ ಹೊಸದಾಗಿ ಶುರುವಾಯಿತು. ಆ ಹೊಸ ಜಾವೆಲಿನ್ ಹಿಡಿದು ಚೆಕ್ ದೇಶದ ಯಾನ್ ಜೆಲೆಜ್ನಿ 1996ರಲ್ಲಿ ಜರ್ಮನಿಯ ಯೇನಾದಲ್ಲಿ 98.48 ಎಸೆದರು. ಇವತ್ತಿಗೂ ಎಲ್ಲರೂ ಕತ್ತೆತ್ತಿ ನೋಡುವ ಅಂಕಿ ಅದು. ಇನ್ನು ತೊಂಬತ್ತನ್ನು ದಾಟಿದವರು ನೀರಜ್‌ಗೂ ಮೊದಲೇ ಇಪ್ಪತ್ತಕ್ಕೂ ಹೆಚ್ಚು ಜನ ಇದ್ದರು. ಅಂದರೆ ಗೋಡೆ ಕಟ್ಟಿದ್ದು ನಾವೇ. ಇಟ್ಟಿಗೆ ಅಂತ ಇದ್ದದ್ದು ಒಂದು ಸೊನ್ನೆ ಮಾತ್ರ.

ಸೊನ್ನೆಯ ಮಹಿಮೆ ಸಣ್ಣದೇನಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರು ಒಂದು ಕೋಟಿಯ ಹತ್ತಿರ ಹತ್ತಿರದಷ್ಟು ಮ್ಯಾರಥಾನ್ ಫಲಿತಾಂಶಗಳನ್ನು ರಾಶಿ ಹಾಕಿ ನೋಡಿದ್ದಾರೆ. ಓಟ ಮುಗಿಸಿದ ಸಮಯಗಳು ಸಮನಾಗಿ ಹರಡಿಕೊಂಡಿರಬೇಕಿತ್ತು. ಹಾಗಿಲ್ಲ. ಮೂರೂವರೆ ಗಂಟೆಗೆ ಸ್ವಲ್ಪ ಮುಂಚೆ ಒಂದು ಗುಂಪು, ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ ಇನ್ನೂ ದೊಡ್ಡ ಗುಂಪು. ದಾಟಿದ ಕೂಡಲೇ ಜನ ವಿರಳ. ನಾಲ್ಕು ಗಂಟೆ ಒಂದು ನಿಮಿಷಕ್ಕೂ ಮೂರು ಗಂಟೆ ಐವತ್ತೊಂಬತ್ತು ನಿಮಿಷಕ್ಕೂ ಶರೀರದ ದೃಷ್ಟಿಯಿಂದ ಏನೇನೂ ವ್ಯತ್ಯಾಸವಿಲ್ಲ. ಆದರೂ ಕೊನೆಯ ಎರಡು ಕಿಲೋಮೀಟರಿನಲ್ಲಿ, ಕಾಲು ಕಲ್ಲಾದ ಮೇಲೂ, ಆ ದುಂಡು ಅಂಕಿ ಎಲ್ಲಿಂದಲೋ ಒಂದಿಷ್ಟು ಕಸುವನ್ನು ಹೊರಗೆಳೆಯುತ್ತದೆ. ಅದು ಗುರಿಯ ಒಳ್ಳೆಯ ಮುಖ. ಓಟಗಾರನಿಗೆ ಆ ಹೊತ್ತಿನಲ್ಲಿ ಬೇಕಾದದ್ದು ಹಟ, ಅದು ಸಿಗುತ್ತದೆ. ಜಾವೆಲಿನ್ ಎಸೆಯುವವನಿಗೆ ಕಡೇ ಗಳಿಗೆಯಲ್ಲಿ ಹಟ ಹಿಡಿಯಲು ಪುರುಸೊತ್ತೇ ಇಲ್ಲ. ಕಷ್ಟ ಶುರುವಾಗುವುದು ಅಲ್ಲಿ.

ನೀರಜ್ ಏರಿದ ಮೆಟ್ಟಿಲುಗಳನ್ನು ನೋಡಿ. ಹರಿಯಾಣದ ಪಾಣಿಪತ್ ಜಿಲ್ಲೆಯ ಖಂಡ್ರಾ ಊರಿನ ಗುಂಡುಗುಂಡಾದ ಹುಡುಗನನ್ನು ಮನೆಯವರು ಮೈದಾನಕ್ಕೆ ಕಳಿಸಿದ್ದು ತೂಕ ಇಳಿಸಲಿಕ್ಕೆ. ಅದೇ ಮೊದಲ ಗುರಿ! 2016ರಲ್ಲಿ ಪೋಲೆಂಡಿನಲ್ಲಿ 86.48 ಎಸೆದು 20 ವರ್ಷದೊಳಗಿನವರ ವಿಶ್ವದಾಖಲೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ 88.06. 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ. 2021ರ ಆಗಸ್ಟ್ 7ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ 87.58, ಚಿನ್ನ. 2022ರ ಜೂನ್‌ನಲ್ಲಿ ಫಿನ್ಲೆಂಡಿನ ತುರ್ಕುವಿನಲ್ಲಿ 89.30. ಅದೇ ತಿಂಗಳ 30ರಂದು ಸ್ಟಾಕ್‌ಹೋಮ್‌ನಲ್ಲಿ 89.94.

ಆರು ಸೆಂಟಿಮೀಟರ್ ಕಮ್ಮಿ. ನನ್ನ ಕಿರುಬೆರಳಿನಷ್ಟು. ಕೂತು ಲೆಕ್ಕ ಹಾಕಿದರೆ ಇದು ಇನ್ನೂ ಚಿಕ್ಕದಾಗುತ್ತದೆ. 90 ಮೀಟರ್ ಹೋಗಬೇಕಾದರೆ ಜಾವೆಲಿನ್ ಕೈ ಬಿಡುವಾಗ ಸೆಕೆಂಡಿಗೆ ಸುಮಾರು 30 ಮೀಟರ್ ವೇಗದಲ್ಲಿರಬೇಕು. ಗಂಟೆಗೆ ನೂರು ಕಿಲೋಮೀಟರಿನ ಮೇಲಾಯಿತು. ದೂರ ಹೆಚ್ಚುಕಮ್ಮಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಹಾಗಾಗಿ ಆರು ಸೆಂಟಿಮೀಟರ್ ದೂರಕ್ಕೆ ಬೇಕಿದ್ದ ಹೆಚ್ಚುವರಿ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರ್. ಇರುವೆಯ ನಡಿಗೆ. ಎದುರುಗಾಳಿ ಒಮ್ಮೆ ಉಸಿರು ಬಿಗಿಹಿಡಿದಿದ್ದರೂ ಸಾಕಿತ್ತು. ಆ ಇರುವೆ ಹೆಜ್ಜೆ ಇಡಲು ಮೂರು ವರ್ಷದ ಹತ್ತಿರ ಹಿಡಿಯಿತು. ಆ ಅವಧಿಯಲ್ಲಿ ಬುಡಾಪೆಸ್ಟ್‌ನಲ್ಲಿ ವಿಶ್ವ ಚಾಂಪಿಯನ್ ಆದರು, ಡೈಮಂಡ್ ಲೀಗ್ ಗೆದ್ದರು. ಆದರೂ ಪ್ರತಿ ಪತ್ರಿಕಾಗೋಷ್ಠಿಯಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದೇ, ತೊಂಬತ್ತು ಯಾವಾಗ. ಮದುವೆ ಯಾವಾಗ ಅಂತ ನೆಂಟರು ಕೇಳುವ ಹಾಗೆ.

ಈಗ ರನ್‌ವೇಗೆ ಬನ್ನಿ. ಜಾವೆಲಿನ್ 800 ಗ್ರಾಂ ತೂಕದ, ಎರಡೂವರೆ ಮೀಟರಿಗೂ ಉದ್ದದ ಕೋಲು. ಎಸೆಯುವವನು ಓಡಿಬಂದು, ಕೊನೆಯಲ್ಲಿ ಪಕ್ಕಕ್ಕೆ ತಿರುಗಿ ಕಾಲಿನ ಮೇಲೆ ಕಾಲು ದಾಟಿಸುತ್ತ ಸಾಗಿ, ಎಡಗಾಲನ್ನು ಮುಂದಕ್ಕೆ ಊರುತ್ತಾನೆ. ಬಲಗೈಯವರ ಲೆಕ್ಕ ಇದು. ಮೊದಲು ಹಿಮ್ಮಡಿ ತಾಕುತ್ತದೆ. ಮೊಣಕಾಲು ಮಡಚಬಾರದು. ಓಡಿ ಬಂದ ವೇಗವೆಲ್ಲ ಆ ಒಂದು ಕಾಲಿಗೆ ಬಡಿದು ನಿಲ್ಲುತ್ತದೆ. ಕೆಳಗೆ ನಿಂತದ್ದು ಮೇಲೆ ಚಿಮ್ಮುತ್ತದೆ, ಸೊಂಟದಿಂದ ಎದೆಗೆ, ಎದೆಯಿಂದ ಭುಜಕ್ಕೆ, ಭುಜದಿಂದ ಮೊಣಕೈಗೆ, ಅಲ್ಲಿಂದ ಬೆರಳಿಗೆ. ಸೈಕಲ್ ಮುಂದಿನ ಬ್ರೇಕು ಗಬಕ್ಕನೆ ಹಿಡಿದರೆ ಸವಾರ ಮುಂದಕ್ಕೆ ಹಾರುವುದಿಲ್ಲವೇ, ಹಾಗೆ. ಇದಕ್ಕೆ ಈ ಆಟದವರು ಹೇಳುವ ಹೆಸರು ಬ್ಲಾಕ್. ಹಿಮ್ಮಡಿ ಊರಿದಾಗಿನಿಂದ ಜಾವೆಲಿನ್ ಕೈಬಿಡುವವರೆಗೆ ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು. ಯಾರಾದರೂ ಚಪ್ಪಾಳೆ ತಟ್ಟಿದ್ದು ಕೇಳಿ ನಾವು ಬೇಕೆಂದೇ ಕೈಯೆತ್ತುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಆ ಹತ್ತನೇ ಒಂದು ಸೆಕೆಂಡಿನೊಳಗೆ ‘ತೊಂಬತ್ತು’ ಅನ್ನುವ ಯೋಚನೆಗೆ ಜಾಗವಿಲ್ಲ. ಜಾಗ ಮಾಡಿಕೊಂಡು ಬಂದರೆ ಅನಾಹುತ. ಇನ್ನಷ್ಟು ದೂರ ಬೇಕು ಅಂದುಕೊಂಡ ಕೂಡಲೇ ಭುಜ ಬಿಗಿಯುತ್ತದೆ, ಕೈ ಅವಸರ ಮಾಡುತ್ತದೆ, ಕಾಲು ಊರುವ ಮೊದಲೇ ಎಸೆತ ಶುರುವಾಗುತ್ತದೆ. ಯಾವ ಬಲ ಕೆಳಗಿನಿಂದ ಬರಬೇಕಿತ್ತೋ ಅದನ್ನು ಕೈಯೇ ಹುಟ್ಟಿಸಲು ಹೊರಡುತ್ತದೆ. ನೀರಜ್‌ಗೆ ಇನ್ನೊಂದು ತೊಡಕು. ಅವರು ಎಸೆದ ರಭಸಕ್ಕೆ ಮುಂದಕ್ಕೆ ಬಿದ್ದು ಎರಡೂ ಕೈ ನೆಲಕ್ಕೂರುತ್ತಾರೆ. ರನ್‌ವೇ ಕೊನೆಯ ಗೆರೆಗೆ ಹತ್ತಿರ ಬಂದು ಎಸೆದರೆ ಅದನ್ನು ದಾಟಿ ಫೌಲ್ ಆಗುವ ಭಯ, ದೂರದಲ್ಲೇ ಎಸೆದರೆ ಅಳತೆಯಲ್ಲಿ ನಷ್ಟ. ದೂರ ಅಳೆಯುವುದು ಗೆರೆಯಿಂದ ತಾನೇ.

ಈ ಗುರಿಯ ವಿಚಾರವನ್ನು ಶಾಸ್ತ್ರೀಯವಾಗಿ ಹಿಡಿದವರಲ್ಲಿ ಮುಖ್ಯರು ಅಮೆರಿಕದ ಎಡ್ವಿನ್ ಲಾಕ್, ಕೆನಡಾದ ಗ್ಯಾರಿ ಲೇಥಮ್ ಎಂಬ ಮನೋವಿಜ್ಞಾನಿಗಳು. ಅವರ ಪ್ರಸಿದ್ಧ ಪ್ರಯೋಗಗಳಲ್ಲಿ ಒಂದು ನಡೆದದ್ದು ಮೈದಾನದಲ್ಲಲ್ಲ, ಒಕ್ಲಹೋಮಾದ ಕಾಡಿನಲ್ಲಿ, 1970ರ ದಶಕದಲ್ಲಿ. ಮರದ ದಿಮ್ಮಿ ಸಾಗಿಸುವ ಲಾರಿಯವರು ಕಾನೂನು ಒಪ್ಪುವ ತೂಕದ ಶೇ 60ರಷ್ಟನ್ನೇ ತುಂಬುತ್ತಿದ್ದರು. ‘ಕೈಲಾದಷ್ಟು ತುಂಬಿ’ ಅಂದಾಗ ಏನೂ ಬದಲಾಗಲಿಲ್ಲ. ‘ಶೇ 94 ತುಂಬಿ’ ಎಂದು ಅಂಕಿ ಕೊಟ್ಟ ಮೇಲೆ ಕೆಲವೇ ತಿಂಗಳಲ್ಲಿ ಶೇ 90ರ ಸುತ್ತಮುತ್ತ ಬಂದುಬಿಟ್ಟರು. ಸಂಬಳ ಹೆಚ್ಚಿಸಿರಲಿಲ್ಲ. ಕಠಿಣವೂ ಖಚಿತವೂ ಆದ ಗುರಿ ಕೆಲಸ ಎತ್ತುತ್ತದೆ ಎಂಬ ಸಿದ್ಧಾಂತ ಇಂಥ ನೂರಾರು ಪ್ರಯೋಗಗಳ ಮೇಲೆ ನಿಂತಿದೆ.

ಅದನ್ನೇ ಕ್ರೀಡೆಗೆ ತಂದಾಗ ಮಾತ್ರ ಫಲಿತಾಂಶ ಅಷ್ಟು ಚೊಕ್ಕವಾಗಿ ಬರಲಿಲ್ಲ. ಕಾರಣಗಳಲ್ಲಿ ಒಂದು ತಮಾಷೆಯಾಗಿದೆ. ಗುರಿ ಕೊಡದೆ ಬಿಟ್ಟ ಗುಂಪಿನವರೂ ಪಕ್ಕದವನನ್ನು ನೋಡಿ ತಮ್ಮಷ್ಟಕ್ಕೆ ಒಂದು ಗುರಿ ಇಟ್ಟುಕೊಂಡುಬಿಡುತ್ತಿದ್ದರು. ಹೋಲಿಸಲು ‘ಗುರಿ ಇಲ್ಲದವರು’ ಸಿಕ್ಕುವುದೇ ಕಷ್ಟ. ಇನ್ನೊಂದು ಕಾರಣ ನನ್ನ ಎಣಿಕೆಯಲ್ಲಿ ಹೆಚ್ಚು ಮುಖ್ಯ: ಲಾರಿಯಲ್ಲಿ ಇನ್ನೂ ಶೇ 40ರಷ್ಟು ಜಾಗ ಖಾಲಿಯಿತ್ತು. ಒಲಿಂಪಿಕ್ ಫೈನಲ್ಲಿಗೆ ಬಂದವನ ಲಾರಿ ಆಗಲೇ ಭರ್ತಿ. ಅವನಿಗೆ ಇನ್ನಷ್ಟು ತುಂಬು ಅಂದರೆ ಚಾಸಿ ಮುರಿಯಬಹುದು. ಈಚೆಗೆ, 2022ರಲ್ಲಿ, ಕ್ರೀಡೆಯ ಗುರಿಗಳ ಕುರಿತ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ವಿಶ್ಲೇಷಣೆಯೊಂದು ಬಂತು. ಗೆಲ್ಲಬೇಕು, ಪದಕ ತರಬೇಕು ಎಂಬ ಗುರಿಯಿಂದ ಹೇಳಿಕೊಳ್ಳುವಂಥ ಲಾಭವೇನೂ ಕಾಣಲಿಲ್ಲ. ಇಷ್ಟು ಮೀಟರ್, ಇಷ್ಟು ಸೆಕೆಂಡ್ ಎಂಬ ಗುರಿಯಿಂದ ಒಂದಿಷ್ಟು ಲಾಭ. ಮೊಣಕಾಲು ಮಡಚಬೇಡ, ಮೊಣಕೈ ಮೇಲಿರಲಿ ಎಂಬಂಥ, ಮಾಡುವ ರೀತಿಯ ಮೇಲಿನ ಗುರಿಯಿಂದ ಎಲ್ಲಕ್ಕಿಂತ ಹೆಚ್ಚು. ದೊಡ್ಡ ಅಂಕಿಗೆ ಕೆಲಸವಿಲ್ಲ ಅಂತಲ್ಲ. ಅದರ ಕೆಲಸ ಬೆಳಗಿನ ಐದೂವರೆಗೆ, ಹಾಸಿಗೆ ಬಿಟ್ಟೇಳುವ ಹೊತ್ತಿಗೆ. ರನ್‌ವೇ ಹತ್ತುವಷ್ಟರಲ್ಲಿ ಅದು ಹಿಮ್ಮಡಿಯಾಗಿ ಮಾರ್ಪಟ್ಟಿರಬೇಕು.

ಹೇಳುವುದು ಸುಲಭ. 2024ರ ಆಗಸ್ಟ್ 8ರ ರಾತ್ರಿ ಪ್ಯಾರಿಸ್‌ನಲ್ಲಿ ಏನಾಯಿತು ನೋಡಿ. ಪಾಕಿಸ್ತಾನದ ಅರ್ಷದ್ ನದೀಂ ಮೊದಲ ಎಸೆತ ಫೌಲ್ ಮಾಡಿ, ಎರಡನೆಯದರಲ್ಲಿ 92.97 ಮೀಟರ್ ಎಸೆದರು. ಒಲಿಂಪಿಕ್ ದಾಖಲೆ. ಮೀಯಾಂ ಚನ್ನೂ ಕಡೆಯ ಹಳ್ಳಿಯಿಂದ ಬಂದು ತನ್ನ ದೇಶಕ್ಕೆ ಮೊಟ್ಟಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದ ಎಸೆತ ಅದು. ಇನ್ನು ನೀರಜ್ ಮುಂದಿದ್ದದ್ದು ತೊಂಬತ್ತೂ ಅಲ್ಲ, ತೊಂಬತ್ತಮೂರು. ಅದೇ ಸುತ್ತಿನಲ್ಲಿ ಅವರು 89.45 ಎಸೆದರು. ಅಲ್ಲಿಯವರೆಗಿನ ಅವರ ಬಾಳಿನ ಎರಡನೇ ಅತ್ಯುತ್ತಮ ಎಸೆತ. ಟೋಕಿಯೊದಲ್ಲಿ ಚಿನ್ನ ತಂದದ್ದಕ್ಕಿಂತ ಸುಮಾರು ಎರಡು ಮೀಟರ್ ಹೆಚ್ಚು. ಆಮೇಲಿನ ನಾಲ್ಕೂ ಎಸೆತ ಫೌಲ್. ಮೊದಲನೆಯದೂ ಫೌಲ್ ಆಗಿದ್ದರಿಂದ, ಆರರಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು ಒಂದೇ.

ಆ ರಾತ್ರಿ ಟಿವಿ ಮುಂದೆ ಕೂತಿದ್ದವರು ಆ ನಾಲ್ಕು ಎಸೆತಗಳನ್ನು ಮರೆತಿರಲಾರರು. ಪ್ರತಿ ಬಾರಿಯೂ ಅದೇ ಓಟ, ಅದೇ ಬೀಳು, ಎದ್ದು ತಾವೇ ಗೆರೆ ದಾಟಿ ಫೌಲ್ ಮಾಡಿಕೊಂಡದ್ದೂ ಉಂಟು. ತೊಡೆಸಂದಿನ ಸ್ನಾಯು ಆ ವರ್ಷವಿಡೀ ಕಾಡಿತ್ತು. ಎಡಗಾಲು ಬ್ರೇಕಿನಂತೆ ಊರುವ ಗಳಿಗೆಯಲ್ಲೇ ಅದು ಎಳೆಯುವುದು. ಎದುರಾಳಿಯ ಅಂಕಿ ಅವರನ್ನು ಮೇಲೆತ್ತಿತೋ ಕೆಳಗೆ ಹಾಕಿತೋ? ಎರಡನ್ನೂ ಮಾಡಿತು ಅನ್ನುವುದು ನನ್ನ ಓದು, ಅದೂ ಐದು ಎಸೆತಗಳ ಅಂತರದಲ್ಲಿ. ನೋಯುವ ಕಾಲಿನಿಂದ 89.45 ಹೊರಬಂದದ್ದು ಆ 92.97ರ ಸೆಳೆತಕ್ಕೆ. ಉಳಿದ ನಾಲ್ಕು ಕೈಬಿಟ್ಟದ್ದೂ ಅದೇ ಸೆಳೆತಕ್ಕೆ.

ಜಾವೆಲಿನ್‌ನಲ್ಲಾದರೂ ಗುರಿ ತಲೆಯೊಳಗೆ ಇರುತ್ತದೆ. ವೇಟ್‌ಲಿಫ್ಟಿಂಗ್‌ನಲ್ಲಿ ಅದನ್ನು ಕಬ್ಬಿಣದ ತಟ್ಟೆಗಳಾಗಿ ಸರಳಿಗೆ ಸಿಕ್ಕಿಸಿ ಮುಂದಿಡುತ್ತಾರೆ. ಎಷ್ಟು ಎತ್ತುತ್ತೀರಿ ಎಂದು ಮುಂಚೆಯೇ ಸಾರಬೇಕು, ಇಡೀ ಸಭಾಂಗಣದ ಎದುರು. 2000ದ ಸಿಡ್ನಿ ಒಲಿಂಪಿಕ್ಸ್, 69 ಕೆ.ಜಿ. ವಿಭಾಗ. ಹೆಂಗಸರ ವೇಟ್‌ಲಿಫ್ಟಿಂಗ್ ಒಲಿಂಪಿಕ್ಸ್‌ಗೆ ಬಂದದ್ದೇ ಆ ಸಲ. ಆಂಧ್ರದ ಕರ್ಣಂ ಮಲ್ಲೇಶ್ವರಿ ಸ್ನ್ಯಾಚ್‌ನಲ್ಲಿ 110, ಕ್ಲೀನ್ ಅಂಡ್ ಜರ್ಕ್‌ನಲ್ಲಿ 130 ಎತ್ತಿ ಒಟ್ಟು 240ಕ್ಕೆ ಬಂದು ನಿಂತಿದ್ದರು. ಉಳಿದದ್ದು ಒಂದು ಯತ್ನ. 132.5 ಕೇಳಿದ್ದರೆ ಒಟ್ಟು 242.5. ಅವರು ಇಳಿದದ್ದು 137.5ಕ್ಕೆ. ಒಂದೇ ಏಟಿಗೆ ಏಳೂವರೆ ಕಿಲೋ. ಎತ್ತಿದ್ದರೆ ಚಿನ್ನದ ಬಗ್ಗೆ ಪ್ರಶ್ನೆಯೇ ಇರುತ್ತಿರಲಿಲ್ಲ. ಎತ್ತಲಾಗಲಿಲ್ಲ. ಚಿನ್ನ, ಬೆಳ್ಳಿ ಎರಡೂ 242.5ಕ್ಕೇ ಹೋದವು, ಇಬ್ಬರ ನಡುವೆ ದೇಹತೂಕ ನೋಡಿ ತೀರ್ಮಾನಿಸಿದರು. ಮಲ್ಲೇಶ್ವರಿಗೆ ಕಂಚು, ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರು. ಐದು ಕಿಲೋ ಕಮ್ಮಿ ಕೇಳಬೇಕಿತ್ತು ಅಂತ ಇಪ್ಪತ್ತೈದು ವರ್ಷ ಕಳೆದ ಮೇಲೆ ಕುರ್ಚಿಯಲ್ಲಿ ಕೂತು ಹೇಳುವುದು ಯಾವ ದೊಡ್ಡ ಮಾತು? ಅವರ ಕೈಗೆ ಅವತ್ತು ಸಿಕ್ಕಿದ್ದು ಒಂದೇ ಅವಕಾಶ, ಯೋಚಿಸಲು ಕೆಲವು ನಿಮಿಷ.

ಇದಕ್ಕೆ ಎದುರಾಗಿ ನನಗೆ ನೆನಪಾಗುವುದು ನಮ್ಮ ಕುಂದಾಪುರ ತಾಲ್ಲೂಕು ವಂಡ್ಸೆಯ ಗುರುರಾಜ ಪೂಜಾರಿ. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕೂಟದ ಮೊದಲ ದಿನ, 56 ಕೆ.ಜಿ. ವಿಭಾಗ. ಕ್ಲೀನ್ ಅಂಡ್ ಜರ್ಕ್‌ನ ಮೊದಲ ಎರಡು ಯತ್ನವೂ ಹೋಯಿತು. ಮೂರನೆಯದೂ ಹೋದರೆ ಸ್ನ್ಯಾಚ್‌ನಲ್ಲಿ ಎತ್ತಿದ್ದ 111 ಕಿಲೋ ಲೆಕ್ಕಕ್ಕೇ ಇಲ್ಲ, ಬರಿಗೈ. ಆಗ 138 ಎತ್ತಿ, ಒಟ್ಟು 249 ಮಾಡಿ ಬೆಳ್ಳಿ ತಂದರು. ಲಾರಿ ಓಡಿಸುವವರ ಮಗ. ಅಲ್ಲಿ ದೊಡ್ಡ ಗುರಿಯ ಮಾತೇ ಇರಲಿಲ್ಲ, ಇದ್ದದ್ದು ತಲೆಯ ಮೇಲಿನ ಒಂದು ಸರಳು. ನಾಲ್ಕು ವರ್ಷದ ಮೇಲೆ ಬರ್ಮಿಂಗ್‌ಹ್ಯಾಂನಲ್ಲಿ 61 ಕೆ.ಜಿ.ಯಲ್ಲಿ ಒಟ್ಟು 269 ಎತ್ತಿ ಕಂಚು.

ಹಾಗಂತ ಕಾಲಿಗೆ ಎಟುಕದ ಹಾಸಿಗೆ ಹಾಸಿಕೊಂಡವರೆಲ್ಲ ಸೋತರು ಅನ್ನುವ ಹಾಗಿಲ್ಲ. ಕೆನ್ಯಾದ ಫೇತ್ ಕಿಪ್ಯೆಗಾನ್ 2025ರ ಜೂನ್ 26ರಂದು ಪ್ಯಾರಿಸ್‌ನ ಶಾರ್ಲೆಟಿ ಕ್ರೀಡಾಂಗಣದಲ್ಲಿ ಒಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಲು ಹೊರಟರು. ಅವರದೇ ವಿಶ್ವದಾಖಲೆ 4 ನಿಮಿಷ 7.64 ಸೆಕೆಂಡ್. ನಾಲ್ಕೇ ಸುತ್ತಿನ ಓಟದಲ್ಲಿ ಏಳೂವರೆ ಸೆಕೆಂಡ್ ಕತ್ತರಿಸುವುದು, ಅಂದರೆ ಸುತ್ತಿಗೆ ಹತ್ತಿರ ಹತ್ತಿರ ಎರಡು ಸೆಕೆಂಡ್. ಬಲ್ಲವರು ತಲೆಯಾಡಿಸಿದ್ದರು. ಗಾಳಿ ಸೀಳಲು ಹಿಂದೆ ಮುಂದೆ ಪೇಸ್‌ಮೇಕರುಗಳು, ಹೊಸ ಬಗೆಯ ಉಡುಪು, ಹೊಸ ಶೂ, ಎಲ್ಲ ಏರ್ಪಾಟು. ಮುಗಿಸಿದ್ದು 4 ನಿಮಿಷ 6 ಸೆಕೆಂಡ್ ದಾಟಿದ ಮೇಲೆ. ಆರು ಸೆಕೆಂಡಿಗೂ ಹೆಚ್ಚು ತಡ. ಸೋಲು ಅಂದರೆ ಸೋಲೇ. ಆದರೆ ಅವರದೇ ದಾಖಲೆಗಿಂತ ಬೇಗ. ವಿಶೇಷ ಏರ್ಪಾಟಿನ ಕಾರಣ ದಾಖಲೆಪುಸ್ತಕಕ್ಕೆ ಸೇರುವ ಹಾಗಿರಲಿಲ್ಲ, ಅಷ್ಟೆ. ಅಲ್ಲಿಂದ ಒಂಬತ್ತು ದಿನಕ್ಕೆ, ಕಂಠೀರವದ ದೀಪ ಆರಿಸಿ ಬೆಂಗಳೂರು ಮಲಗಿದ್ದ ಹೊತ್ತಿನಲ್ಲಿ, ಆದರೆ ಅಮೆರಿಕದ ಯೂಜೀನ್‌ನಲ್ಲಿ ಇನ್ನೂ ಜುಲೈ 5 ಆಗಿದ್ದಾಗ, ಅವರು 1500 ಮೀಟರನ್ನು 3 ನಿಮಿಷ 48.68 ಸೆಕೆಂಡಿನಲ್ಲಿ ಓಡಿದರು. ಇದು ಪುಸ್ತಕಕ್ಕೆ ಸೇರಿದ ವಿಶ್ವದಾಖಲೆ. ಆ ಸೋಲಿನಿಂದಲೇ ಈ ಗೆಲುವು ಬಂತು ಎಂದು ಗಂಟು ಹಾಕಲು ನಾನು ಹೊರಡುವುದಿಲ್ಲ. ನಾಲ್ಕು ನಿಮಿಷಕ್ಕೆಂದು ಹುರಿಗೊಳಿಸಿದ ದೇಹಕ್ಕೆ ಅದಕ್ಕೂ ಸ್ವಲ್ಪ ಕಮ್ಮಿ ವೇಗ ಹಗುರವೆನಿಸಿದ್ದರೆ ಆಶ್ಚರ್ಯವಿಲ್ಲ.

ಇಲ್ಲಿ ಬ್ಯಾನಿಸ್ಟರ್ ಬರಲೇಬೇಕು ಅಂತ ಓದುಗರು ಕಾಯುತ್ತಿರಬಹುದು. 1954ರ ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ ರೋಜರ್ ಬ್ಯಾನಿಸ್ಟರ್ 3:59.4ರಲ್ಲಿ ಮೈಲಿ ಓಡಿ ‘ಅಸಾಧ್ಯ’ವನ್ನು ಒಡೆದರು, 46 ದಿನಕ್ಕೆ ಆಸ್ಟ್ರೇಲಿಯಾದ ಜಾನ್ ಲ್ಯಾಂಡಿ ಅದನ್ನೂ ಮುರಿದರು, ಹಾಗಾಗಿ ತಡೆ ಇದ್ದದ್ದು ಮನಸ್ಸಿನಲ್ಲಿ. ಈ ಕತೆ ಹೇಳದೆ ಮುಗಿಯುವ ಕಂಪನಿ ಕಾರ್ಯಾಗಾರ ಇಲ್ಲ. ಆದರೆ ಲ್ಯಾಂಡಿ ಅದಕ್ಕೂ ಮುಂಚೆಯೇ 4:02ರ ಸುಮಾರಿನಲ್ಲಿ ಮತ್ತೆಮತ್ತೆ ಓಡುತ್ತಿದ್ದವರು; ಬಾಗಿಲ ಹೊಸ್ತಿಲಲ್ಲೇ ನಿಂತಿದ್ದರು. ಅವರಿಗೆ ಬೇಕಿದ್ದದ್ದು ನಂಬಿಕೆಯೋ, ಒಳ್ಳೆಯ ಟ್ರ್ಯಾಕು ಮತ್ತು ಬೆನ್ನಟ್ಟುವ ಒಬ್ಬ ಜೊತೆಗಾರನೋ? ನನಗೆ ಎರಡನೆಯದರ ಮೇಲೇ ಒಲವು.

ಇನ್ನೊಂದು ಜಾತಿಯ ಜಾಣರಿದ್ದಾರೆ. ಪೋಲ್‌ವಾಲ್ಟ್‌ನ ಸೆರ್ಗೆಯ್ ಬೂಬ್ಕಾ 1985ರಲ್ಲಿ 6 ಮೀಟರಿನ ದುಂಡು ಅಂಕಿ ದಾಟಿದ ಮೊದಲಿಗ. ಆಮೇಲೆ ಮಾಡಿದ್ದೇನು? ಹೆಚ್ಚಾಗಿ ಒಂದೊಂದೇ ಸೆಂಟಿಮೀಟರ್ ಮೇಲಕ್ಕೆ. ಒಳಾಂಗಣ ಹೊರಾಂಗಣ ಸೇರಿ 35 ವಿಶ್ವದಾಖಲೆ. ದಾಖಲೆಗೊಂದು ಬಹುಮಾನ ಸಿಗುವಾಗ ಒಟ್ಟಿಗೆ ಐದು ಸೆಂಟಿಮೀಟರ್ ಹಾರುವುದು ಕಿರಾಣಿ ಅಂಗಡಿಯವನಿಗೂ ಒಪ್ಪಿಗೆಯಾಗದ ವ್ಯಾಪಾರ. ಸ್ವೀಡನ್ನಿನ ಅರ್ಮಾಂಡ್ ಡುಪ್ಲಾಂಟಿಸ್ ಅದೇ ದಾರಿ ಹಿಡಿದು, 2020ರಲ್ಲಿ 6.17ರಿಂದ ಶುರುಮಾಡಿ, 2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೊದಲ್ಲಿ ಹದಿನಾಲ್ಕನೇ ವಿಶ್ವದಾಖಲೆಯಾಗಿ 6.30 ಹಾರಿದರು. ಹೊರಗಿನಿಂದ ನೋಡಿದರೆ ಪುಟ್ಟ ಗುರಿಗಳು. ಕೂಡಿಸಿದರೆ ಆಕಾಶದ ಏಣಿಯೇ. ಆದರೆ ಅವರಿಗೊಂದು ಅನುಕೂಲವಿದೆ: ಎಷ್ಟು ಎತ್ತರ ಬೇಕೆಂದು ಪಟ್ಟಿಯನ್ನು ಕಣ್ಣೆದುರು ಇಟ್ಟುಕೊಳ್ಳಬಹುದು. ಜಾವೆಲಿನ್ ಎಸೆಯುವವನ ಪಟ್ಟಿ ತೊಂಬತ್ತು ಮೀಟರ್ ಆಚೆ ಹುಲ್ಲಿನಲ್ಲಿ ಮಲಗಿರುತ್ತದೆ.

ಗುರಿಯನ್ನು ಮೈಯ ಲೆಕ್ಕಕ್ಕೆ ಇಳಿಸುವುದು ಅಂದರೇನು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು 2008ರ ಬೀಜಿಂಗ್‌ನ 200 ಮೀಟರ್ ಬಟರ್‌ಫ್ಲೈ ಫೈನಲ್. ಮೈಕೆಲ್ ಫೆಲ್ಪ್ಸ್ ಅವರ ಕನ್ನಡಕದೊಳಗೆ ನೀರು ತುಂಬಿಕೊಂಡಿತು. ಗೋಡೆಯೂ ಕಾಣದು, ಪಕ್ಕದವರೂ ಕಾಣರು. ಒಂದೇ ಕೂಟದಲ್ಲಿ ಎಂಟು ಚಿನ್ನ ಎಂಬ ಗುರಿ ಹೊತ್ತು ಬಂದವರಿಗೆ ಅವತ್ತು ಆಸರೆಯಾದದ್ದು ಕೈಬೀಸಿನ ಎಣಿಕೆ. ಎಣಿಸುತ್ತ ಹೋಗಿ ಗೋಡೆ ಮುಟ್ಟಿದರು: 1 ನಿಮಿಷ 52.03 ಸೆಕೆಂಡ್, ವಿಶ್ವದಾಖಲೆ. ಅದೇ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ 10.8 ಹೊಡೆದು ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದರು. ನಾಲ್ಕು ವರ್ಷದ ಮುಂಚೆ ಅಥೆನ್ಸ್ ಫೈನಲ್‌ನಲ್ಲಿ ಏಳನೆಯವರಾಗಿ ಮರಳಿದ್ದವರು. ಆ ಚಿನ್ನದ ಬಳಿಕ ಆವರಿಸಿದ ಖಾಲಿತನದ ಬಗ್ಗೆ ಬಿಂದ್ರಾ ಅನೇಕ ಸಲ ಬಿಚ್ಚುಮನಸ್ಸಿನಿಂದ ಮಾತಾಡಿದ್ದಾರೆ. ಬೆಳಗಿನ ಐದೂವರೆಗೆ ಎಬ್ಬಿಸುತ್ತಿದ್ದ ವಸ್ತುವೇ ಕೈಗೆ ಸಿಕ್ಕಿಬಿಟ್ಟರೆ ಮಾರನೇ ದಿನ ಎಬ್ಬಿಸುವವರು ಯಾರು? ಫೆಲ್ಪ್ಸ್ ಕೂಡ ಖಿನ್ನತೆಯ ಹಾದಿ ಹಾದು ಬಂದವರೇ.

ದೋಹಾಗೆ ಮರಳೋಣ. 98.48 ಎಸೆದ ಅದೇ ಜೆಲೆಜ್ನಿ ಅಷ್ಟರಲ್ಲಿ ನೀರಜ್ ಕೋಚ್ ಆಗಿ ಬಂದಿದ್ದರು. ತೊಂಬತ್ತರ ಆಚೆಯಲ್ಲೇ ಮನೆ ಮಾಡಿಕೊಂಡಿದ್ದ ಮನುಷ್ಯ. ಅವರ ಪಾಲಿಗೆ ಆ ಅಂಕಿಗೆ ಯಾವ ಮಾಯೆಯೂ ಇರಲಾರದು. ಮೂರನೇ ಎಸೆತ 90.23 ಹೋಯಿತು. ಕೊನೆಗೂ! ಮೊಬೈಲುಗಳಲ್ಲಿ ಅಭಿನಂದನೆ ಹರಿದಾಡುತ್ತಿರುವಾಗಲೇ ಕೊನೆಯ ಸುತ್ತಿನಲ್ಲಿ ಜರ್ಮನಿಯ ಯೂಲಿಯಾನ್ ವೆಬರ್ 91.06 ಎಸೆದರು. ಅವರೂ ಅಂದೇ ಮೊದಲ ಸಲ ತೊಂಬತ್ತು ದಾಟಿದ್ದು. ನೀರಜ್ ಎರಡನೆಯವರಾದರು. ಸ್ಟಾಕ್‌ಹೋಮ್‌ನಲ್ಲಿ 89.94 ಎಸೆದ ದಿನವೂ ಹೀಗೇ, ಗ್ರೆನಾಡಾದ ಆ್ಯಂಡರ್ಸನ್ ಪೀಟರ್ಸ್ 90.31 ಎಸೆದು ಮೊದಲಿಗರಾಗಿದ್ದರು. ಅಂದರೆ ಇಡೀ ದೇಶ ಕಾಯುತ್ತಿದ್ದ ದೂರ ಬಂದ ದಿನ ಗೆಲುವು ಬರಲಿಲ್ಲ. ಒಲಿಂಪಿಕ್ ಚಿನ್ನ ಬಂದದ್ದು 87.58ಕ್ಕೆ, ವಿಶ್ವ ಚಾಂಪಿಯನ್ ಪಟ್ಟ 88.17ಕ್ಕೆ, ಬೆಂಗಳೂರಿನ ಗೆಲುವು 86.18ಕ್ಕೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ತಾವು ಒಲಿಂಪಿಕ್ ಚಿನ್ನ ಗೆದ್ದ ಟೋಕಿಯೊದ ಅದೇ ಅಂಗಳದಲ್ಲಿ, ವಿಶ್ವ ಚಾಂಪಿಯನ್‌ಷಿಪ್‌ಗೆ ಬೆನ್ನುನೋವು ಕಟ್ಟಿಕೊಂಡು ಹೋದರು. 84.03, ಎಂಟನೇ ಸ್ಥಾನ. ಅಲ್ಲಿ ಗೆದ್ದ ಟ್ರಿನಿಡಾಡ್‌ನ ಕೆಶೋರ್ನ್ ವಾಲ್ಕಾಟ್ ಎಸೆದದ್ದು 88.16. ತೊಂಬತ್ತನ್ನು ಆ ಫೈನಲ್‌ನಲ್ಲಿ ಯಾರೂ ಮುಟ್ಟಲಿಲ್ಲ.

ಆ ಜುಲೈ ಕೂಟ ಕಳೆದು ಕೆಲವು ವಾರದ ಮೇಲೆ ಬೆಳಗಿನ ಹೊತ್ತು ಕಂಠೀರವದ ಕಡೆ ಹೋಗಿದ್ದೆ. ಗ್ಯಾಲರಿ ಎಂದಿನಂತೆ ಖಾಲಿ. ಹದಿನಾಲ್ಕು ಹದಿನೈದರ ಹುಡುಗಿಯೊಬ್ಬಳು ಹಳೇ ಜಾವೆಲಿನ್ ಹಿಡಿದು ಅಭ್ಯಾಸ ಮಾಡುತ್ತಿದ್ದಳು. ಮುಂದೆ ಹುಲ್ಲಿನ ಮೇಲೆ ಕೋಚ್ ಒಂದು ಕಿತ್ತಳೆ ಬಣ್ಣದ ಕೋನ್ ಇಟ್ಟಿದ್ದರು. ಅವಳು ಎಸೆದದ್ದು ಕೋನ್ ದಾಟಿದ ಕೂಡಲೇ ಅವರು ಮಾತಿಲ್ಲದೆ ನಡೆದುಹೋಗಿ ಅದನ್ನು ಇನ್ನೊಂದಡಿ ಆಚೆಗೆ ಸರಿಸಿ ಬರುತ್ತಿದ್ದರು. ನಾಲ್ಕು ಸಲ ಹೀಗಾಯಿತು. ಐದನೆಯದು ಎಷ್ಟು ದೂರ ಹೋಯಿತೋ ಎಂದು ನಾನು ಜಾವೆಲಿನ್ನಿನ ಬೆನ್ನು ಹತ್ತಿ ನೋಡುತ್ತಿದ್ದೆ, ಕೋನಿನ ಆಚೆ ನಾಟಿತು. ತಿರುಗಿ ನೋಡಿದರೆ ಹುಡುಗಿ ಆ ಕಡೆ ಕಣ್ಣು ಹಾಯಿಸಿರಲೇ ಇಲ್ಲ. ಬಗ್ಗಿ, ಎಡಗಾಲಿನ ಹಿಮ್ಮಡಿ ಊರಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ, ಗೆರೆಯಿಂದ ಅಲ್ಲಿಗೆ ಎಷ್ಟು ಗೇಣು ಎಂದು ಅಳೆಯುತ್ತಿದ್ದಳು.